ಬುಲ್ಸ್ ಯಾವಾಗ ಮನೆಗೆ ಬರೋದು?

ನಮಸ್ಕಾರ. ಇವತ್ತು ಕಂಠೀರವದ ಬಗ್ಗೆ ಮಾತಾಡೋಣ.

ಬೆಂಗಳೂರಿನ ನಟ್ಟನಡುವೆ, ಕಬ್ಬನ್ ಪಾರ್ಕ್ ಹತ್ತಿರ, ಒಂದೇ ಹೆಸರಿನ ಎರಡು ಕ್ರೀಡಾಂಗಣಗಳಿವೆ. ಹೊರಾಂಗಣದಲ್ಲಿ ಫುಟ್‌ಬಾಲ್, ಅಥ್ಲೆಟಿಕ್ಸ್. ಪಕ್ಕದ ಒಳಾಂಗಣದಲ್ಲಿ ಕಬಡ್ಡಿ, ಬ್ಯಾಸ್ಕೆಟ್‌ಬಾಲ್. ಒಂದು ಕಡೆಯ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿಗೆ ಮನೆ ಇದೆ. ಇನ್ನೊಂದು ಕಡೆಯ ತಂಡ, ಪ್ರೊ ಕಬಡ್ಡಿ ಲೀಗ್‌ನ ಬೆಂಗಳೂರು ಬುಲ್ಸ್, ಊರೂರು ಅಲೆಯುತ್ತಿದೆ. ನನಗೆ ಇದು ನಿಜವಾಗಲೂ ಬೇಜಾರಿನ ಸಂಗತಿ.

ಮನೆ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರಲ್ಲಿ ಹುಟ್ಟಿದ ತಂಡ, ಮೊದಲು ಅಶೋಕನಗರದಲ್ಲಿ ಆಡಿ ಆಮೇಲೆ ಕಂಠೀರವಕ್ಕೆ ಬಂತು. 2016ರ ಅಕ್ಟೋಬರ್ 19ರ ರಾತ್ರಿ ಇಲ್ಲೇ ಮಲೇಷ್ಯಾದ ಜೋಹೋರ್ ತಂಡವನ್ನು 3-1ರಿಂದ ಸೋಲಿಸಿತು. ಸುನಿಲ್ ಛೇಟ್ರಿ ಎರಡು ಗೋಲು ಹೊಡೆದರು. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಅದು. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರೋದರಿಂದ ಪ್ರೇಕ್ಷಕರು ಸ್ವಲ್ಪ ದೂರವೇ. ಆದರೂ ವೆಸ್ಟ್ ಬ್ಲಾಕ್‌ನ ಅಭಿಮಾನಿ ಹುಡುಗರ ಕೂಗು ಅಂಗಳಕ್ಕೆ ಮುಟ್ಟುತ್ತದೆ. ಆ ಟ್ರ್ಯಾಕ್ ಯಾರಿಗೆ ಅನ್ನೋ ಜಗಳ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತ್ತು. ಓಟಗಾರರ ಹಕ್ಕು ದೊಡ್ಡದೇ, ಅದನ್ನು ಯಾರೂ ಕಿತ್ತುಕೊಳ್ಳಬಾರದು. 2025ರ ಜುಲೈನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಗೆದ್ದದ್ದೂ ಇಲ್ಲೇ. 2021ರಲ್ಲಿ ಅಪ್ಪು ಅವರನ್ನು ಕೊನೆಯ ಸಲ ನೋಡೋಕೆ ಜನ ಸಾಲುಗಟ್ಟಿದ್ದೂ ಇಲ್ಲೇ.

ಈಗ ಪಕ್ಕದ ಒಳಾಂಗಣಕ್ಕೆ ಬನ್ನಿ. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿನ ಕಟ್ಟಡ. 2023ರ ಡಿಸೆಂಬರಿನಲ್ಲಿ ಬೆಂಗಳೂರು ಬುಲ್ಸ್ ಪಂದ್ಯ ನೋಡೋಕೆ ಅಲ್ಲಿಗೆ ಹೋಗಿದ್ದೆ. ಪಕ್ಕದಲ್ಲಿ ಚನ್ನಪಟ್ಟಣದಿಂದ ಬಸ್ಸಿನಲ್ಲಿ ಬಂದಿದ್ದ ಹಿರಿಯರೊಬ್ಬರು ಕೂತಿದ್ದರು, ಮೊಮ್ಮಗ ತೊಡೆ ಮೇಲೆ. ಡೂ ಆರ್ ಡೈ ರೇಡ್ ಬಂತು, ಅಂದರೆ ಪಾಯಿಂಟ್ ತರದಿದ್ದರೆ ರೇಡರ್ ಔಟ್. ಮ್ಯಾಟ್ ಮೇಲೆ ಶೂ ಕಿರ್ ಅಂದದ್ದು ನಾವು ಕೂತಲ್ಲಿಗೇ ಕೇಳಿಸುತ್ತಿತ್ತು. ರೇಡರ್ ಬಿದ್ದು, ನಾಲ್ಕು ಜನರ ಕೆಳಗಿಂದ ಬೆರಳ ತುದಿ ಚಾಚಿ ಗೆರೆ ಮುಟ್ಟಿದ. ಆ ಅಜ್ಜ ಎದ್ದು ನಿಂತು, "ಮುಟ್ಟಿದ ಕಣೋ, ಮುಟ್ಟಿದ!" ಅಂತ ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ಟಿವಿಯಲ್ಲಿ ಇದು ಸಿಗುತ್ತಾ?

ಆಮೇಲೆ? 2024ರಲ್ಲಿ ಲೀಗ್ ಹೈದರಾಬಾದ್, ನೊಯ್ಡಾ, ಪುಣೆಯಲ್ಲಿ ನಡೆಯಿತು. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಬೆಂಗಳೂರಿನ ಹೆಸರೇ ಇಲ್ಲ. ಇದು ಹೊಸದೂ ಅಲ್ಲ. 2017ರಲ್ಲಿ ಬುಲ್ಸ್‌ನ ತವರಿನ ಪಂದ್ಯಗಳು ನಾಗ್ಪುರದಲ್ಲಿ ಆದವು, 2018ರಲ್ಲಿ ಪುಣೆಯಲ್ಲಿ. ಆ 2018ರ ಸೀಸನ್‌ನಲ್ಲೇ ಅಲ್ವಾ ತಂಡ ಚಾಂಪಿಯನ್ ಆದದ್ದು! ಮುಂಬೈ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು. ಆ ಸೀಸನ್‌ನ ಒಂದು ರೇಡನ್ನೂ ನಮ್ಮ ಊರು ತನ್ನ ಅಂಗಳದಲ್ಲಿ ನೋಡಲಿಲ್ಲ.

ಕಡಿಮೆ ಊರುಗಳಲ್ಲಿ ಆಡಿಸಿದರೆ ಆಟಗಾರರಿಗೆ ಓಡಾಟ ಉಳಿಯುತ್ತದೆ, ಖರ್ಚೂ ಇಳಿಯುತ್ತದೆ. ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರೋದು ಇಡೀ ಸೀಸನ್ ಅಲ್ಲ, ಒಂದೇ ಒಂದು ವಾರ. ಹಾಲ್ ಸಿಗೋದು ಕಷ್ಟ ಅಂತಾದರೆ ಕ್ರೀಡಾ ಇಲಾಖೆ ಆ ವಾರವನ್ನು ವರ್ಷದ ಮೊದಲೇ ಕಾದಿರಿಸಲಿ. ಮದ್ದೂರು, ರಾಮನಗರದ ಕಡೆಯವರು ಸಂಜೆ ಬಂದು ರಾತ್ರಿ ವಾಪಸ್ ಹೋಗಬಹುದು, ಮೆಟ್ರೋ ಇಳಿದು ನಡೆದೇ ಸೇರಬಹುದು. ಊರಾಚೆ ಎಷ್ಟೇ ದೊಡ್ಡ ಹಾಲ್ ಕಟ್ಟಿದರೂ ಈ ಅನುಕೂಲ ಬರೋದಿಲ್ಲ.

2025ರಲ್ಲಿ ನಮ್ಮವರೇ ಆದ ಬಿ.ಸಿ. ರಮೇಶ್ ಬುಲ್ಸ್ ಕೋಚ್ ಆದರು. ಕನ್ನಡದ ಕೋಚ್, ಬೆಂಗಳೂರಿನ ಹೆಸರಿನ ಜೆರ್ಸಿ. ಕಂಠೀರವದಲ್ಲಿ ಮ್ಯಾಟ್ ಒಂದು ಹಾಸೋದು ಬಾಕಿ. ಮುಂದಿನ ವೇಳಾಪಟ್ಟಿ ಬಂದ ದಿನ ನಾನು ಮೊದಲು ಹುಡುಕೋದು ನಮ್ಮ ಊರಿನ ಹೆಸರನ್ನೇ.