ಸ್ಟುವರ್ಟ್ ಹೋಗಿ ಜಸ್ಟಿಸ್ ಬಂತು: ಒಂದು ಅಮೆರಿಕನ್ ಹೈಸ್ಕೂಲಿನ ಹೆಸರಿನ ಕಥೆ

[ತೆರೆ: ನಕ್ಷೆ. ವಾಷಿಂಗ್ಟನ್ ಡಿ.ಸಿ.ಯಿಂದ ಪಶ್ಚಿಮಕ್ಕೆ ಸರಿದು ಫೇರ್‌ಫ್ಯಾಕ್ಸ್ ಕೌಂಟಿ]

ನಿರೂಪಣೆ: ವಾಷಿಂಗ್ಟನ್ ಪಕ್ಕದಲ್ಲೇ, ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಪೀಸ್ ವ್ಯಾಲಿ ಲೇನ್‌ನಲ್ಲಿ ಒಂದು ಸರ್ಕಾರಿ ಹೈಸ್ಕೂಲಿದೆ. 1959ರಲ್ಲಿ ಬಾಗಿಲು ತೆರೆದಾಗ ಅದು ಜೆ.ಇ.ಬಿ. ಸ್ಟುವರ್ಟ್ ಹೈಸ್ಕೂಲ್. 2018ರಿಂದ ಜಸ್ಟಿಸ್ ಹೈಸ್ಕೂಲ್.

ಸ್ಟುವರ್ಟ್ ಅಂದರೆ ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಸಿಡಿದುಹೋದ ದಕ್ಷಿಣ ರಾಜ್ಯಗಳ ಅಶ್ವದಳದ ಸೇನಾನಿ. 1861ರಲ್ಲಿ ಅವನ ಪಡೆ ಹತ್ತಿರದ ಮನ್ಸನ್ಸ್ ಹಿಲ್‌ನಲ್ಲಿ ಬೀಡುಬಿಟ್ಟಿತ್ತು. ಸ್ಥಳೀಯ ನಂಟು ಏನಾದರೂ ಇದ್ದರೆ ಅದು.

ಸ್ಟುವರ್ಟ್ ಸತ್ತದ್ದು 1864ರಲ್ಲಿ. ಹಾಗಾದರೆ ಹೆಸರು 1950ರ ದಶಕದ ಕೊನೆಗೆ ಯಾಕೆ ಬಂತು?

[ತೆರೆ: ಕಾಲರೇಖೆ 1954–1959]

1954ರಲ್ಲಿ ಸುಪ್ರೀಂ ಕೋರ್ಟ್, ಬಿಳಿಯ ಮತ್ತು ಕಪ್ಪು ಮಕ್ಕಳಿಗೆ ಬೇರೆಬೇರೆ ಶಾಲೆ ಕೂಡದು ಅಂತ ತೀರ್ಪು ಕೊಟ್ಟಿತು. ವರ್ಜೀನಿಯಾ ಬಗ್ಗಲಿಲ್ಲ. 1958ರ ಸೆಪ್ಟೆಂಬರ್‌ನಲ್ಲಿ ಒಟ್ಟಿಗೆ ಓದಿಸುವ ಬದಲು ನಾರ್ಫೋಕ್, ಶಾರ್ಲಟ್ಸ್‌ವಿಲ್‌ಗಳಲ್ಲಿ ಶಾಲೆಗಳಿಗೇ ಬೀಗ ಹಾಕಿಸಿತು. 1959ರ ಜನವರಿಯಲ್ಲಿ ಕೋರ್ಟುಗಳು ಅದನ್ನೂ ಹೊಡೆದುಹಾಕಿದವು. ಫೆಬ್ರವರಿ 2ರಂದು ನೆರೆಯ ಆರ್ಲಿಂಗ್ಟನ್‌ನಲ್ಲಿ ನಾಲ್ಕು ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಕಾಲಿಟ್ಟರು. ಅದೇ ವರ್ಷ ಸ್ಟುವರ್ಟ್ ಬೋರ್ಡು ಮೇಲೇರಿತು. ಇದನ್ನು ಕಾಕತಾಳೀಯ ಅನ್ನಲು ನಮಗಂತೂ ಬಾಯಿ ಬರುವುದಿಲ್ಲ.

ಆಗಿನ ಶಾಲಾ ಮಂಡಳಿ ಚುನಾಯಿತವಲ್ಲ, ನೇಮಕವಾದದ್ದು. ಈಗ ಮತ ಹಾಕುವ 12 ಸದಸ್ಯರನ್ನು ಜನರೇ ಆರಿಸುತ್ತಾರೆ. ಹೆಸರು ಇಡೋದೂ ತೆಗೆಯೋದೂ ಆ ಮಂಡಳಿಯ ಕೈಯಲ್ಲಿ. ಹಾಗಾಗಿ ಅರ್ಜಿ ಎಷ್ಟು ದೊಡ್ಡದಾದರೂ ಕೊನೆಗೆ ಮಂಡಳಿಯ ಮತವೇ ಬೇಕು. 2015ರಲ್ಲಿ ಇಲ್ಲಿ ಓದಿದ್ದ ನಟಿ ಜೂಲಿಯಾನ್ ಮೂರ್, ನಿರ್ಮಾಪಕ ಬ್ರೂಸ್ ಕೋಹೆನ್ ಆನ್‌ಲೈನ್ ಅರ್ಜಿ ಹಾಕಿ ಸುದ್ದಿಯಾದರು. ಹಳೆಯ ಹೆಸರು ಹೋಗಲಿ ಅಂತ ಮಂಡಳಿ ತೀರ್ಮಾನಿಸಿದ್ದು 2017ರ ಜುಲೈ 27ಕ್ಕೆ. ಬಿಳಿಯ ಜನಾಂಗವಾದಿಗಳ ಮೆರವಣಿಗೆಯಿಂದ ಎದ್ದ ಶಾರ್ಲಟ್ಸ್‌ವಿಲ್ ಗಲಭೆಗೆ ಹೆದರಿ ಬದಲಾಯಿಸಿದರು ಅನ್ನೋರಿಗೆ ಒಂದು ಮಾತು: ಆ ಗಲಭೆ ಆದದ್ದು ಆಗಸ್ಟ್ 12ಕ್ಕೆ.

[ತೆರೆ: ಮೂರು ಭಾವಚಿತ್ರಗಳು]

ಹೊಸ ಹೆಸರೇ ಹೆಚ್ಚು ತಲೆನೋವು. ಮೊದಲಿನ 'ಜೆ.ಇ.ಬಿ.' ಅಕ್ಷರಗಳನ್ನು ಕಿತ್ತು ಬರೀ 'ಸ್ಟುವರ್ಟ್' ಅಂತ ಉಳಿಸಿ ಅನ್ನುವ ಬೇಡಿಕೆ ಜೋರಾಗಿತ್ತು. ಮಂಡಳಿ ಒಪ್ಪಲಿಲ್ಲ. ಮೂರು ಹೆಸರುಗಳು ಪೈಪೋಟಿಯಲ್ಲಿದ್ದವು: ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಪ್ಯಾರಾಚೂಟ್‌ನಿಂದ ಇಳಿದು ಹೋರಾಡಿದ ಲೂಯಿಸ್ ಮೆಂಡೆಜ್, 1954ರ ಮೊಕದ್ದಮೆ ವಾದಿಸಿದ ಥರ್ಗುಡ್ ಮಾರ್ಷಲ್, 1951ರಲ್ಲಿ, ಹದಿನಾರನೇ ವಯಸ್ಸಿಗೆ ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ ಕಪ್ಪು ಮಕ್ಕಳ ಶಾಲೆಯ ದುಸ್ಥಿತಿ ವಿರುದ್ಧ ಮುಷ್ಕರ ನಡೆಸಿದ ಬಾರ್ಬರಾ ಜಾನ್ಸ್. ಮೊದಲಿಬ್ಬರು ಶಾಲೆಯ ಪಕ್ಕದ ಲೇಕ್ ಬಾರ್‌ಕ್ರಾಫ್ಟ್‌ನಲ್ಲೇ ಇದ್ದವರು. ಅಕ್ಟೋಬರ್ 26ರಂದು ಮೂವರನ್ನೂ, ಅವರಂತೆ ಹೋರಾಡಿದವರನ್ನೂ ನೆನೆಯುವ ಹೆಸರಾಗಿ 'ಜಸ್ಟಿಸ್', ಅಂದರೆ ನ್ಯಾಯ, ಗೆದ್ದಿತು. ರಾಜಿಸೂತ್ರ ನಿಜ, ಆದರೆ ಜಾಣ ರಾಜಿ.

ಹೆಸರಿನ ಜೊತೆ ಆಟದ ತಂಡದ ಹೆಸರೂ ಹೋಯಿತು: ರೈಡರ್ಸ್ ಇದ್ದವರು ವುಲ್ವ್ಸ್ ಆದರು.

[ತೆರೆ: ವುಡ್ಸನ್ ಹೈಸ್ಕೂಲ್]

ಸ್ಟುವರ್ಟ್ ಹೆಸರಿಟ್ಟಾಗ ಕೌಂಟಿಯ ಶಾಲೆಗಳ ಮುಖ್ಯಸ್ಥರಾಗಿದ್ದವರು, ಬಿಳಿಯ-ಕಪ್ಪು ಮಕ್ಕಳನ್ನು ಒಟ್ಟಿಗೆ ಓದಿಸುವುದನ್ನು ವಿರೋಧಿಸಿದ್ದ ಡಬ್ಲ್ಯೂ.ಟಿ. ವುಡ್ಸನ್. ಅವರ ಹೆಸರಲ್ಲೂ ಒಂದು ಹೈಸ್ಕೂಲಿತ್ತು. 2023ರಲ್ಲಿ ಮಂಡಳಿ ಅದನ್ನೂ ಬದಲಿಸಿ, 1926ರಲ್ಲಿ ಕಪ್ಪು ಜನರ ಇತಿಹಾಸ ಸಪ್ತಾಹ ಆರಂಭಿಸಿದ ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ ಹೆಸರಿಟ್ಟಿತು. ವ್ಯಕ್ತಿ ಬೇರೆ, ಊರವರ ಬಾಯಲ್ಲಿ ಮಾತ್ರ ಅದು ಈಗಲೂ 'ವುಡ್ಸನ್'.