ಮಂಗಳವಾರದ ಬೆಂಚು

ಕೇಳುಗರೇ, ನಮಸ್ಕಾರ.

ಒಂದು ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ, ಮಗ ಕೂತಿದ್ದರು. ತಾಯಿ ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಮಡಿಕೆ ಸವೆದ ಹಳೇ ಚೀಟಿ. ‘ಮೊದಲು ಬೆಂಗಳೂರಿಗೆ ಹೋಗ್ತಿದ್ವಿ. ಇಬ್ಬರ ಎರಡು ದಿನದ ಕೂಲಿ, ಬಸ್ ಚಾರ್ಜು ಎಲ್ಲ ಹೋಗೋದು. ಬಿಟ್ಟೇ ಬಿಟ್ವಿ’ ಅಂದರು. ಮಾತ್ರೆ ನಿಂತ ಮೂರೇ ತಿಂಗಳಿಗೆ ಹುಡುಗ ಮತ್ತೆ ರಾತ್ರಿಯೆಲ್ಲ ಗೋಡೆ ಜೊತೆ ಮಾತಾಡತೊಡಗಿದ್ದ.

ಆವತ್ತು ಮಂಗಳವಾರ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ದಿನ. ಒಳ್ಳೆಯದೇ. ಆದರೆ ಸುಮ್ನೆ ಒಂದು ಲೆಕ್ಕ ಹಾಕೋಣ. 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ ನೂರು ವಯಸ್ಕರಲ್ಲಿ ಹತ್ತಕ್ಕೂ ಜಾಸ್ತಿ ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಎರಡು ಲಕ್ಷ ವಯಸ್ಕರಿರುವ ತಾಲ್ಲೂಕಿನಲ್ಲಿ ಅದು ಇಪ್ಪತ್ತು ಸಾವಿರ ದಾಟುತ್ತದೆ. ಡಾಕ್ಟರು ಪ್ರತಿ ಮಂಗಳವಾರ ಐವತ್ತು ಜನರನ್ನು ನೋಡಿದರೂ ವರ್ಷಕ್ಕೆ 2,600. ಎಲ್ಲರನ್ನೂ ಒಂದೊಂದು ಸಲ ನೋಡಿ ಮುಗಿಸಲು ಎಂಟು ವರ್ಷ ಬೇಕು!

ಇನ್ನಷ್ಟು ಮನೋವೈದ್ಯರು ಬೇಕು, ನಿಜ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬರೂ ಇಲ್ಲ. ಆದರೆ ಎಲ್ಲರಿಗೂ ಮನೋವೈದ್ಯರೇ ಬೇಕಿಲ್ಲ, ಅಲ್ವಾ? ಇದನ್ನು ನಮ್ಮ ಬಳ್ಳಾರಿ 1980ರ ದಶಕದಲ್ಲೇ ತೋರಿಸಿತು. ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕಾಯಿಲೆ ಗುರುತಿಸುವುದು, ಕೆಲವೇ ಕೆಲವು ಮಾತ್ರೆಗಳನ್ನು ಸರಿಯಾಗಿ ಕೊಡುವುದು, ಬಿಟ್ಟವರನ್ನು ಮತ್ತೆ ಕರೆತರುವುದು ಅವರ ಕೆಲಸವಾಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ.

ನಾವು ಮಾತ್ರ ಯೋಜನೆ ಅಂದಕೂಡಲೇ ಹಾಸಿಗೆ, ಕಟ್ಟಡ ಎಣಿಸುತ್ತೇವೆ. ಆಪ್ತ ಸಮಾಲೋಚಕರು, ನರ್ಸುಗಳು ಎಷ್ಟೋ ಕಡೆ ಗುತ್ತಿಗೆ ಮೇಲಿದ್ದಾರೆ. ಮನೆಯವರ ನಂಬಿಕೆ ಗಳಿಸುವಷ್ಟರಲ್ಲಿ ಕೆಲಸ ಬಿಟ್ಟಿರುತ್ತಾರೆ. ಹೊಸಬರ ಮುಂದೆ ಕಾಯಿಲೆಯವರು ಮತ್ತೆ ಮೊದಲಿಂದ ಕಥೆ ಹೇಳಬೇಕು. ನನ್ನನ್ನು ಕೇಳಿದರೆ ಹೊಸ ಕಟ್ಟಡಕ್ಕಿಂತ ಮೊದಲು ಇವರ ಕೆಲಸ ಕಾಯಂ ಆಗಲಿ, ಮಾತ್ರೆ ಊರಿನ ಹತ್ತಿರವೇ ಸಿಗಲಿ. ಮಾತಾಡಲು ಯಾರೂ ಇಲ್ಲ ಅನ್ನಿಸಿದಾಗ ಸರ್ಕಾರದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಬಹುದು. ಆದರೆ ಮನೆಬಾಗಿಲಿಗೆ ಬಂದು ನೋಡಲು ಫೋನಿಗೆ ಆಗಲ್ಲ.

ಅಂದಹಾಗೆ, ಆ ಹುಡುಗ ಮಾತ್ರೆ ಬಿಟ್ಟಿದ್ದನ್ನು ಮೊದಲು ಗಮನಿಸಿದ್ದು ಆಶಾ ಕಾರ್ಯಕರ್ತೆ. ಬಂದಿದ್ದು ಬಸುರಿ ಸೊಸೆಯನ್ನು ವಿಚಾರಿಸಲು. ಹಿಂದಿನ ಕೋಣೆಯಿಂದ ಮಾತು ಕೇಳಿಸಿತಂತೆ. ತಾಯಿಯ ಚೀಟಿಯ ಬೆನ್ನಿಗೆ ನೀಲಿ ಪೆನ್ನಿನಲ್ಲಿ ಬರೆದಿದ್ದ ನಂಬರು ಅವರದೇ.