ಗೊತ್ತಿದ್ದೂ ಕೈ ಏಕೆ ತಪ್ಪುತ್ತದೆ?

[ತೆರೆಯ ಮೇಲೆ: ಹಸಿರು ಬಣ್ಣದಲ್ಲಿ ಬರೆದ "ಕೆಂಪು" ಎಂಬ ಪದ]

ನಮಸ್ಕಾರ. ತೆರೆಯ ಮೇಲಿರುವ ಪದವನ್ನು ಓದಬೇಡಿ. ಅದು ಯಾವ ಬಣ್ಣದಲ್ಲಿದೆ ಎಂಬುದನ್ನಷ್ಟೇ ಗಟ್ಟಿಯಾಗಿ ಹೇಳಿ.

[ವೇಗವಾಗಿ ಒಂದರ ಹಿಂದೊಂದು: ನೀಲಿಯಲ್ಲಿ "ಹಳದಿ", ಕೆಂಪಿನಲ್ಲಿ "ನೀಲಿ", ಹಳದಿಯಲ್ಲಿ "ಹಸಿರು"]

ನಾಲಿಗೆ ತಡವರಿಸಿತಲ್ಲವೇ? ಓದಬಾರದೆಂದು ಗೊತ್ತಿತ್ತು, ಆದರೂ ಕಣ್ಣು ಓದಿಬಿಟ್ಟಿತು. ಕನ್ನಡ ಅಕ್ಷರ ಬಾರದ ಸ್ನೇಹಿತರಿಗೆ ಇದನ್ನೇ ತೋರಿಸಿ. ಅವರು ಸರಾಗವಾಗಿ ಹೇಳಿ ಮುಗಿಸುತ್ತಾರೆ. ಇಲ್ಲಿ ನಿಮ್ಮನ್ನು ಎಡವಿಸಿದ್ದು ನಿಮ್ಮ ಅಕ್ಷರಾಭ್ಯಾಸವೇ.

1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಈ ಎಡವುವಿಕೆಯನ್ನು ಗಡಿಯಾರ ಹಿಡಿದು ಅಳೆದರು. 100 ಬಣ್ಣದ ಚೌಕಗಳ ಬಣ್ಣ ಹೇಳಲು ವಿದ್ಯಾರ್ಥಿಗಳಿಗೆ ಸರಾಸರಿ 63 ಸೆಕೆಂಡು ಸಾಕಾಯಿತು. ಚೌಕಗಳ ಬದಲು ಬೇರೆ ಬಣ್ಣದ ಹೆಸರುಗಳನ್ನು ಅದೇ ಶಾಯಿಗಳಲ್ಲಿ ಅಚ್ಚು ಹಾಕಿ ಕೊಟ್ಟಾಗ 110 ಸೆಕೆಂಡು ಬೇಕಾಯಿತು.

ರೂಢಿಯಾದ ಉತ್ತರವನ್ನು ತಡೆದು, ಆ ಹೊತ್ತಿಗೆ ಬೇಕಾದ ಉತ್ತರವನ್ನು ಮುಂದೆ ತರುವ ಈ ಕೆಲಸಕ್ಕೆ ಮನೋವಿಜ್ಞಾನದಲ್ಲಿ ಅರಿವಿನ ನಿಯಂತ್ರಣ ಎನ್ನುತ್ತಾರೆ. ಅದರ ಹಿಂದಿರುವ ಸಾಮರ್ಥ್ಯಗಳೇ ಎಕ್ಸಿಕ್ಯುಟಿವ್ ಫಂಕ್ಷನ್‌ಗಳು. ತಡೆಯುವುದು, ಮನಸ್ಸಿನಲ್ಲಿ ಹಿಡಿದುಕೊಂಡದ್ದನ್ನು ಆಗಾಗ ಹೊಸದಾಗಿಸುವುದು, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು: ಇವು ಮೂರೂ ಒಂದಕ್ಕೊಂದು ನಂಟಿರುವ, ಆದರೂ ಬೇರೆಬೇರೆಯಾದ ಸಾಮರ್ಥ್ಯಗಳೆಂದು ಅಕಿರಾ ಮಿಯಾಕೆ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು.

ನನಗೆ ಎಲ್ಲಕ್ಕಿಂತ ಮನಮುಟ್ಟಿದ್ದು ಹೊರಳುವಿಕೆಯ ಪ್ರಯೋಗ.

[ತೆರೆಯ ಮೇಲೆ: ಎರಡು ಪೆಟ್ಟಿಗೆಗಳು. ಒಂದರ ಮೇಲೆ ನೀಲಿ ಮೊಲ, ಇನ್ನೊಂದರ ಮೇಲೆ ಕೆಂಪು ದೋಣಿ]

ಮೂರು ವರ್ಷದ ಮಗುವಿನ ಕೈಗೆ ಕೆಂಪು ಮೊಲದ ಕಾರ್ಡು ಕೊಡುತ್ತಾರೆ. ಮೊದಲು ಬಣ್ಣದ ಆಟ. ಕೆಂಪು ಮೊಲ ಕೆಂಪು ದೋಣಿಯ ಪೆಟ್ಟಿಗೆಗೆ ಹೋಗಬೇಕು. ಮಗು ಸರಿಯಾಗಿ ಹಾಕುತ್ತದೆ. ಆಮೇಲೆ, "ಈಗ ಆಕಾರದ ಆಟ. ಮೊಲ ಎಲ್ಲಿಗೆ ಹೋಗಬೇಕು?" ಎಂದು ಕೇಳಿದರೆ ಮಗು ಮೊಲದ ಪೆಟ್ಟಿಗೆಯನ್ನೇ ತೋರಿಸುತ್ತದೆ. ಕಾರ್ಡು ಕೈಗೆ ಬಂದ ಕೂಡಲೇ ಮತ್ತೆ ದೋಣಿಯ ಪೆಟ್ಟಿಗೆಗೆ ಹಾಕುತ್ತದೆ! ಫಿಲಿಪ್ ಝೆಲಾಝೋ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದೇ: ನಿಯಮ ತಿಳಿದಿರುವುದು ಬೇರೆ, ಅದನ್ನು ಬಳಸುವುದು ಬೇರೆ. ಐದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಸಲೀಸಾಗಿ ಹೊರಳುತ್ತಾರೆ.

"ಗೊತ್ತಿದ್ದೂ ಹೀಗೆ ಮಾಡಿದೆಯಲ್ಲ!" ಈ ಮಾತು ಕೇಳದೆ ಬೆಳೆದವರು ನಮ್ಮ ಮನೆಗಳಲ್ಲಿ ಯಾರಿದ್ದಾರೆ? ನಾನೂ ನನ್ನ ಮಗಳಿಗೆ ಹೇಳಿದ್ದೇನೆ. ಈ ಪ್ರಯೋಗದ ಬಗ್ಗೆ ಓದಿದ ಮೇಲೆ ಆ ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಹಿಂದೆ ಸರಿಯುತ್ತದೆ.

ದೊಡ್ಡವರಲ್ಲೂ ಈ ಕಂದಕ ಬಾಯಿ ತೆರೆಯಬಹುದು. ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಮಾಂಟ್ರಿಯಲ್‌ನಲ್ಲಿ ಬ್ರೆಂಡಾ ಮಿಲ್ನರ್ ಪರೀಕ್ಷಿಸಿ 1963ರಲ್ಲಿ ವರದಿ ಮಾಡಿದರು. ಕಾರ್ಡುಗಳನ್ನು ಬಣ್ಣ, ಆಕಾರ ಅಥವಾ ಸಂಖ್ಯೆಯಂತೆ ವಿಂಗಡಿಸಬೇಕು. ನಿಯಮವೇನೆಂದು ಯಾರೂ ಹೇಳುವುದಿಲ್ಲ. ಸರಿ, ತಪ್ಪು ಎಂದಷ್ಟೇ ಹೇಳುತ್ತಾರೆ. ಸತತ 10 ಸರಿಯಾದಾಗ ನಿಯಮ ಸದ್ದಿಲ್ಲದೆ ಬದಲಾಗುತ್ತದೆ. ಹಣೆಯ ಹಿಂದಿನ ಮಿದುಳಿನ ಹೊರಬದಿಯ ಭಾಗವನ್ನು ತೆಗೆಸಿಕೊಂಡವರು "ತಪ್ಪು" ಎಂದು ಕೇಳುತ್ತಲೇ ಹಳೆಯ ನಿಯಮಕ್ಕೆ ಅಂಟಿಕೊಂಡರು.

ಹಾಗಾದರೆ ಇಂಥ ಪರೀಕ್ಷೆಯಿಂದ ನಿಮ್ಮ ಮಗುವಿನ ನಿಯಂತ್ರಣ ಇಷ್ಟೇ ಎಂದು ಅಂಕ ಕೊಡಬಹುದೇ? ಇಲ್ಲಿ ನಾನು ಎಚ್ಚರಿಸಲೇಬೇಕು. ಕಾರ್ಡಿಫ್ ವಿಶ್ವವಿದ್ಯಾಲಯದ ಕ್ರೇಗ್ ಹೆಡ್ಜ್ ಮತ್ತು ಸಂಗಡಿಗರು 2018ರಲ್ಲಿ ಒಂದು ವಿಚಿತ್ರ ತೊಡಕನ್ನು ವಿವರಿಸಿದರು. ಸ್ಟ್ರೂಪ್ ಪರೀಕ್ಷೆಯಲ್ಲಿ ಬಹುತೇಕ ಎಲ್ಲರೂ ತಡವರಿಸುತ್ತಾರೆ, ಅದಕ್ಕೇ ಅದು ಪ್ರಯೋಗಶಾಲೆಗೆ ಅಷ್ಟು ಪ್ರಿಯ. ಆದರೆ ಎಲ್ಲರೂ ಹೆಚ್ಚುಕಡಿಮೆ ಅಷ್ಟಷ್ಟೇ ತಡವರಿಸುವುದರಿಂದ, ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ಅಳೆಯಲು ಅದು ಬಲಹೀನ ಅಳತೆಗೋಲು. ಅದೇ ವ್ಯಕ್ತಿಗೆ ಕೆಲವು ವಾರ ಬಿಟ್ಟು ಮತ್ತೆ ಕೊಟ್ಟರೆ ಅಂಕ ಬೇರೆಯೇ ಬರಬಹುದು. ಹತ್ತು ನಿಮಿಷದ ಆಟ ಆಡಿಸಿ ಮಗುವಿನ ಏಕಾಗ್ರತೆಗೆ ಅಂಕ ಕೊಡುವ ಆ್ಯಪ್‌ಗಳನ್ನು ನಂಬಿ ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ.

ಮತ್ತೆ ಆ ಕೆಂಪು ಮೊಲದತ್ತ ಬರೋಣ. 2003ರಲ್ಲಿ ನತಾಶಾ ಕರ್ಕಮ್, ಅಡೆಲ್ ಡೈಮಂಡ್ ಮತ್ತು ಇನ್ನೊಬ್ಬ ಸಂಶೋಧಕರು ಇಂಥದ್ದೇ ಆಟದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಕಾರ್ಡು ಹಾಕುವ ಮೊದಲು ಅದರಲ್ಲಿರುವುದು ಏನೆಂದು ದೊಡ್ಡವರು ಹೇಳಲಿಲ್ಲ. ಮಗುವಿನ ಬಾಯಿಂದಲೇ ಹೇಳಿಸಿದರು. ನಂತರದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಸಿಕ್ಕಿಲ್ಲ. ಆದರೆ ಅಂದು, ತಾನೇ ಹೆಸರು ಹೇಳಿದ ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರ ಕೈ ಸರಿಯಾದ ಪೆಟ್ಟಿಗೆಯತ್ತ ಹೊರಳಿತು.

[ತೆರೆಯ ಮೇಲೆ: ಕಾರ್ಡು ಹಿಡಿದ ಪುಟ್ಟ ಕೈ, ನೀಲಿ ಮೊಲದ ಪೆಟ್ಟಿಗೆಯ ಬಳಿ]